ಮೇಷ್ಟ್ರ ಬಿಕೆಎಫ್ ಫೈಲ್ ಮತ್ತು ಅದರೊಳಗಿನ ಪದಗಳು

ಹಳೆಯ ಸಿಡಿಯಲ್ಲೋ ಡಿವಿಡಿಯಲ್ಲೋ ‘ಬ್ಯಾಕಪ್ ಡಾಟ್ ಬಿಕೆಎಫ್’ ಅನ್ನೋ ಹೆಸರಿನ ದೊಡ್ಡ ಫೈಲ್ ಸಿಕ್ಕಿದರೆ ದಯವಿಟ್ಟು ಅಳಿಸಬೇಡಿ. ಡಬಲ್ ಕ್ಲಿಕ್ ಮಾಡಿದರೆ ಈಗಿನ ವಿಂಡೋಸ್ ಇದನ್ನು ಯಾವುದರಲ್ಲಿ ತೆರೆಯಲಿ ಅಂತ ನಿಮ್ಮನ್ನೇ ಕೇಳುತ್ತದೆ. ಜಿಪ್ ಥರದ ಫೈಲ್ ಬಿಚ್ಚುವ ಸೆವೆನ್-ಜಿಪ್‌ಗೆ ಕೊಟ್ಟರೂ ತೆರೆಯುವುದಿಲ್ಲ. ಅಲ್ಲಿಗೇ ‘ಫೈಲ್ ಹಾಳಾಗಿದೆ’ ಅಂತ ಕೈಬಿಡುವವರು ಜಾಸ್ತಿ. ಎಷ್ಟೋ ಸಲ ಫೈಲ್ ಚೆನ್ನಾಗಿಯೇ ಇರುತ್ತದೆ. ಅದನ್ನು ಓದುವ ಪ್ರೋಗ್ರಾಂ ಮಾತ್ರ ಈಗಿನ ಕಂಪ್ಯೂಟರಿನಲ್ಲಿ ಇರುವುದಿಲ್ಲ.

ನಾನು ಮೈಸೂರಿನ ಶಿವರಾಂಪೇಟೆಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಸಂಘದ ವಾರ್ಷಿಕ ವರದಿ, ಗಂಗೋತ್ರಿಯ (ಮೈಸೂರು ವಿಶ್ವವಿದ್ಯಾಲಯದ) ಹುಡುಗರ ಪಿಎಚ್‌ಡಿ ಪ್ರಬಂಧ, ಇವೇ ನನ್ನ ದಿನದ ಕೆಲಸ. ನುಡಿ, ಬರಹ, ಶ್ರೀಲಿಪಿ ಅನ್ನೋ ಕನ್ನಡ ಟೈಪಿಂಗ್ ಪ್ರೋಗ್ರಾಂಗಳ ಹಳೆಯ ಫೈಲ್‌ಗಳನ್ನು ತೆರೆದು ಕೊಡಿ ಅಂತ ಬರುವವರೂ ಇದ್ದಾರೆ. ಹುಟ್ಟೂರು ಮಳವಳ್ಳಿ ಕಡೆ. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು ಈಗ ಮಂಡ್ಯದಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರು ತಂದುಕೊಟ್ಟ ಡಿವಿಡಿಯಿಂದಲೇ ಈ ಬರಹ.

ಮೇಷ್ಟ್ರು ಕೆಲಸದಲ್ಲಿದ್ದಾಗ ರಜೆ ಬಂತೆಂದರೆ ಹಳ್ಳಿ ಸುತ್ತುತ್ತಿದ್ದರು. ಮಳವಳ್ಳಿ, ಮದ್ದೂರು, ಪಾಂಡವಪುರ ತಾಲೂಕುಗಳ ಹೆಂಗಸರ ಬಾಯಿಂದ ಸೋಬಾನೆ ಪದ, ರಾಗಿ ಬೀಸೋ ಪದ, ನಾಟಿ ಪದ ಕೇಳಿ ಬರೆದುಕೊಳ್ಳುತ್ತಿದ್ದರು. ಬೊಪ್ಪೇಗೌಡನಪುರದ ಕಡೆ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದ ಕೆಲವು ಭಾಗಗಳೂ ಅವರ ಸಂಗ್ರಹದಲ್ಲಿದ್ದವು. ಮೊದಲು ನೋಟ್‌ಬುಕ್ಕಿನಲ್ಲಿ ಬರೆದರು. ಆಮೇಲೆ ಕಂಪ್ಯೂಟರ್ ಕೊಂಡು, ನುಡಿಯಲ್ಲಿ ಟೈಪ್ ಮಾಡೋದು ಕಲಿತು, ಎಲ್ಲವನ್ನೂ ವರ್ಡ್ ಫೈಲ್ ಮಾಡಿದರು. ನೋಟ್‌ಬುಕ್ಕುಗಳನ್ನು ಪುಸ್ತಕ ಮಾಡಿಸುತ್ತೇವೆ ಅಂತ ಒಬ್ಬರು ತೆಗೆದುಕೊಂಡು ಹೋದರು. ಅವು ವಾಪಸ್ ಬರಲಿಲ್ಲ. ಕಂಪ್ಯೂಟರ್ ಕೆಟ್ಟಿತು, ಗುಜರಿಗೆ ಹೋಯಿತು. ಉಳಿದದ್ದು 2006ರಲ್ಲಿ ಪಕ್ಕದ ಮನೆಯ ಹುಡುಗ ಮಾಡಿಕೊಟ್ಟಿದ್ದ ಒಂದು ಬ್ಯಾಕಪ್ ಡಿವಿಡಿ. ಒಂದು ಅಂಗಡಿಯಲ್ಲಿ ತೋರಿಸಿದಾಗ ‘ಕರಪ್ಟ್ ಆಗಿದೆ ಸಾರ್’ ಅಂದರಂತೆ.

‘ನೋಡವ್ವ, ಇದ್ರೊಳಗೆ ಏನಾರ ಉಳ್ಕಂಡದಾ? ಇಲ್ಲ ಅಂದ್ರೆ ಇಲ್ಲ ಅಂತ ಹೇಳ್ಬುಡು’ ಅಂದರು ಮೇಷ್ಟ್ರು.

‘ನೋಡ್ತೀನಿ ಸಾರ್, ಇಲ್ಲೇ ಬಿಟ್ಟೋಗಿ’ ಅಂದೆ.

ಅದರಲ್ಲಿದ್ದದ್ದು ಒಂದೇ ಫೈಲ್, ಮೂರು ಜಿಬಿಗಿಂತ ಸ್ವಲ್ಪ ದೊಡ್ಡದು.

ಈ ಫೈಲ್ ಎಂಥದ್ದು ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ವಿಂಡೋಸ್ 2000 ಮತ್ತು ಎಕ್ಸ್‌ಪಿ ಜೊತೆಗೆ ಎನ್‌ಟಿಬ್ಯಾಕಪ್ ಅನ್ನೋ ಪ್ರೋಗ್ರಾಂ ಬರುತ್ತಿತ್ತು. ಆಕ್ಸೆಸರೀಸ್, ಅದರೊಳಗೆ ಸಿಸ್ಟಂ ಟೂಲ್ಸ್, ಅದರೊಳಗೆ ಬ್ಯಾಕಪ್. ಆ ಪ್ರೋಗ್ರಾಂ ಬರೆಯುವ ಫೈಲಿನ ಕೊನೆಗೆ ಬಿಕೆಎಫ್ ಅಂತ ಇರುತ್ತದೆ. ಹೆಸರು ಬದಲಿಸದಿದ್ದರೆ ಬರೀ ‘ಬ್ಯಾಕಪ್’ ಅಂತಲೇ ಸೇವ್ ಆಗುತ್ತದೆ. ಹೀಗಾಗಿ ಎಲ್ಲರ ಮನೆಯ ಫೈಲಿಗೂ ಅದೇ ಹೆಸರು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಎನ್‌ಟಿಬ್ಯಾಕಪ್ ಹೋಯಿತು, ಅದರ ಜಾಗಕ್ಕೆ ಬೇರೆ ಬ್ಯಾಕಪ್ ಪ್ರೋಗ್ರಾಂ ಬಂತು. ಹೊಸದಕ್ಕೆ ಹಳೆಯ ಫೈಲ್ ಓದಲು ಬರುವುದಿಲ್ಲ. ವಿಸ್ಟಾಕ್ಕೆ ಒಂದು, ವಿಂಡೋಸ್ 7ಕ್ಕೆ ಒಂದು, ಹೀಗೆ ಬರೀ ವಾಪಸ್ ತೆಗೆಯಲು ಮಾತ್ರ ಬರುವ ಚಿಕ್ಕ ಪ್ರೋಗ್ರಾಂಗಳನ್ನು ಮೈಕ್ರೋಸಾಫ್ಟ್ ಕೊಟ್ಟಿತ್ತು. ಈಗಿನ ವಿಂಡೋಸ್‌ನಲ್ಲಿ ಅಂಥದ್ದು ಇಲ್ಲ.

ಫೈಲಿನ ಒಳಗಿನ ಬರವಣಿಗೆಯ ಕ್ರಮಕ್ಕೆ ಮೈಕ್ರೋಸಾಫ್ಟ್ ಟೇಪ್ ಫಾರ್ಮ್ಯಾಟ್ ಅಂತ ಹೆಸರು. ಟೇಪ್ ಅಂದರೆ ನಿಜವಾದ ಮ್ಯಾಗ್ನೆಟಿಕ್ ಟೇಪ್. ಆಗಿನ ದೊಡ್ಡ ಆಫೀಸುಗಳಲ್ಲಿ ಬ್ಯಾಕಪ್ ಹೋಗುತ್ತಿದ್ದದ್ದು ಟೇಪಿಗೆ. ಟೇಪಿನಲ್ಲಿ ಬೇಕಾದ ಜಾಗಕ್ಕೆ ತಕ್ಷಣ ಹಾರಲು ಆಗುವುದಿಲ್ಲ. ಸುತ್ತುತ್ತಾ ಸುತ್ತುತ್ತಾ ಸಾಲಾಗಿ ಬರೆಯಬೇಕು, ಸಾಲಾಗಿ ಓದಬೇಕು. ಬಿಕೆಎಫ್ ಫೈಲ್ ಹಾರ್ಡ್ ಡಿಸ್ಕ್ ಮೇಲಿದ್ದರೂ ಅದೇ ಕ್ರಮ ಇಟ್ಟುಕೊಂಡಿದೆ. ಮೊದಲ ನಾಲ್ಕು ಬೈಟುಗಳನ್ನು ಅಕ್ಷರವಾಗಿ ಓದಿದರೆ ‘ಟೇಪ್’ ಅನ್ನೋ ಪದದ ನಾಲ್ಕು ದೊಡ್ಡ ಇಂಗ್ಲಿಷ್ ಅಕ್ಷರಗಳು ಸಿಗುತ್ತವೆ. ಆಮೇಲೆ ಯಾವ ಡ್ರೈವ್ ಅನ್ನೋ ಗುರುತು, ಯಾವ ಫೋಲ್ಡರ್ ಅನ್ನೋ ಗುರುತು. ನಂತರ ಒಂದೊಂದು ಫೈಲಿಗೂ ಒಂದು ತಲೆಬರಹ. ಫೈಲಿನ ಹೆಸರು, ತಾರೀಖು ಎಲ್ಲ ಅದರಲ್ಲಿ ಇರುತ್ತವೆ. ಅದರ ಬೆನ್ನಿಗೇ ಆ ಫೈಲಿನ ಮಾಹಿತಿ. ಅದು ಮುಗಿದ ಮೇಲೆ ಮುಂದಿನ ಫೈಲ್. ಪ್ರತಿ ತಲೆಬರಹದಲ್ಲೂ ಒಂದು ಚೆಕ್‌ಸಮ್ ಇರುತ್ತದೆ, ಸರಿಯಾಗಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಲು.

ನಮಗೆ ತುಂಬಾ ಅನುಕೂಲವಾದ ಎರಡು ವಿಷಯ ಇಲ್ಲಿವೆ. ಎನ್‌ಟಿಬ್ಯಾಕಪ್ ಫೈಲಿಗೆ ಬರೆಯುವಾಗ ಕಂಪ್ರೆಸ್ ಮಾಡುವುದಿಲ್ಲ, ಅಂದರೆ ಒತ್ತಿ ಚಿಕ್ಕದು ಮಾಡುವುದಿಲ್ಲ. ನಿಮ್ಮ ವರ್ಡ್ ಫೈಲ್ ಹೇಗಿತ್ತೋ ಹಾಗೆಯೇ ಅದರೊಳಗೆ ಕೂತಿರುತ್ತದೆ. ಇನ್ನೊಂದು, ಹಾರ್ಡ್ ಡಿಸ್ಕಿನಲ್ಲಿ ಒಂದು ಫೈಲ್ ಅಲ್ಲೊಂದು ತುಂಡು ಇಲ್ಲೊಂದು ತುಂಡು ಆಗಿ ಚದುರಿರಬಹುದು, ಆದರೆ ಇಲ್ಲಿ ಒಂದು ಫೈಲಿನ ಮಾಹಿತಿ ಒಂದೇ ಕಡೆ ಸಾಲಾಗಿ ಇರುತ್ತದೆ. ಮಧ್ಯದಲ್ಲಿ ಎಲ್ಲೋ ಹಾಳಾಗಿದ್ದರೂ ಮಿಕ್ಕಿದ್ದನ್ನು ಹೆಕ್ಕಿ ತೆಗೆಯಬಹುದು ಅನ್ನೋ ಧೈರ್ಯ ನನಗೆ ಬಂದದ್ದು ಇದರಿಂದಲೇ.

ಮೊದಲ ಕೆಲಸ ಡಿವಿಡಿಯಿಂದ ಫೈಲನ್ನು ಹೊರಗೆ ತರುವುದು. ಬ್ಯಾಕಪ್ಪನ್ನು ಡಿವಿಡಿಯಲ್ಲೇ ಇಟ್ಟುಕೊಂಡು ಯಾವ ಪ್ರಯೋಗವನ್ನೂ ಮಾಡಬೇಡಿ. ಗೀರು ಬಿದ್ದ ಡಿಸ್ಕನ್ನು ಮತ್ತೆ ಮತ್ತೆ ಓದಿಸಿದರೆ ಡ್ರೈವ್ ಒದ್ದಾಡುತ್ತದೆ, ಸಮಯ ಹಾಳು. ಮೇಷ್ಟ್ರ ಡಿವಿಡಿಯನ್ನು ಮಾಮೂಲಿಯಾಗಿ ಕಾಪಿ ಮಾಡಲು ಕೊಟ್ಟಾಗ ಅರ್ಧದಲ್ಲಿ ಎರರ್ ಬಂದು ನಿಂತಿತು. ವಿಂಡೋಸ್ ಅಂಥ ಹೊತ್ತಿನಲ್ಲಿ ಅದುವರೆಗೆ ಕಾಪಿ ಆದದ್ದನ್ನೂ ಉಳಿಸುವುದಿಲ್ಲ. ‘ಕರಪ್ಟ್’ ಅಂತ ಅಂಗಡಿಯವರು ಹೇಳಿದ್ದು ಬಹುಶಃ ಇದನ್ನು ನೋಡಿಯೇ.

ಇದಕ್ಕೆ ನಾನು ಬಳಸಿದ್ದು ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್‌ನ ಡಿಡಿರೆಸ್ಕ್ಯೂ. ಉಚಿತ ಪ್ರೋಗ್ರಾಂ. ಓದಲು ಬಂದ ಜಾಗವನ್ನೆಲ್ಲ ಮೊದಲು ಎತ್ತಿಟ್ಟುಕೊಳ್ಳುತ್ತದೆ, ಬರದ ಜಾಗವನ್ನು ಬಿಟ್ಟು ಮುಂದೆ ಹೋಗುತ್ತದೆ, ಕೊನೆಗೆ ಬಿಟ್ಟ ಜಾಗಕ್ಕೆ ಮಾತ್ರ ಮತ್ತೆ ಬರುತ್ತದೆ. ಯಾವ ಜಾಗ ಬಂದಿದೆ, ಯಾವುದು ಬಾಕಿ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಆ ಮ್ಯಾಪ್ ಫೈಲ್ ಇದೆಯಲ್ಲ, ಅದೇ ಇದರ ದೊಡ್ಡ ಗುಣ. ಒಂದು ಡ್ರೈವಿನಲ್ಲಿ ಓದಲಾಗದ ಜಾಗವನ್ನು ಬೇರೆ ಡ್ರೈವ್ ಓದಬಹುದು. ಅದೇ ಮ್ಯಾಪ್ ಫೈಲ್ ಕೊಟ್ಟು ಬೇರೆ ಡ್ರೈವಿನಲ್ಲಿ ಮುಂದುವರಿಸಿದರೆ ಬಾಕಿ ಇರುವುದನ್ನು ಮಾತ್ರ ಹುಡುಕುತ್ತದೆ. ನಮ್ಮ ಅಂಗಡಿಯ ಲ್ಯಾಪ್‌ಟಾಪ್ ಡ್ರೈವಿನಲ್ಲಿ ಬರದ ಎಷ್ಟೋ ಭಾಗ ಪಕ್ಕದ ಸ್ಟುಡಿಯೋದವರ ಹಳೆಯ ಡೆಸ್ಕ್‌ಟಾಪ್ ಡ್ರೈವಿನಲ್ಲಿ ಬಂತು. ಕೊನೆಗೂ ಒಂದು ಚಿಕ್ಕ ಭಾಗ ಬರಲೇ ಇಲ್ಲ. ಅಲ್ಲಿ ಬರೀ ಸೊನ್ನೆಗಳು.

ಎರಡನೆಯ ಕೆಲಸ, ಫೈಲ್ ನಿಜಕ್ಕೂ ಬಿಕೆಎಫ್ ಹೌದಾ ಅಂತ ನೋಡುವುದು. ಹೆಸರಿನ ಬಾಲ ನೋಡಿ ನಂಬಬಾರದು. ಎಚ್‌ಎಕ್ಸ್‌ಡಿ ಥರದ ಯಾವುದಾದರೂ ಹೆಕ್ಸ್ ಎಡಿಟರಿನಲ್ಲಿ, ಅಂದರೆ ಫೈಲಿನ ಬೈಟುಗಳನ್ನು ಹಾಗೇ ತೋರಿಸುವ ಪ್ರೋಗ್ರಾಂನಲ್ಲಿ, ತೆರೆದು ಮೊದಲ ನಾಲ್ಕು ಅಕ್ಷರ ನೋಡಿ. ಲಿನಕ್ಸ್ ಇದ್ದರೆ ‘ಫೈಲ್’ ಅನ್ನೋ ಕಮಾಂಡೇ ಹೇಳಿಬಿಡುತ್ತದೆ. ‘ಟೇಪ್’ ಅಂತ ಇದ್ದರೆ ಸರಿ. ಹಾಗೇ ಫೈಲಿನ ಸೈಜನ್ನೂ ನೋಡಿಕೊಳ್ಳಿ. ಸರಿಯಾಗಿ 4,29,49,67,295 ಬೈಟುಗಳು ಅಂತ ಇದ್ದರೆ ಅದು 4 ಜಿಬಿಗೆ ಒಂದು ಬೈಟ್ ಕಮ್ಮಿ. ಫ್ಯಾಟ್32 ಅನ್ನೋ ಹಳೆಯ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ ಡ್ರೈವಿನಲ್ಲಿ ಒಂದು ಫೈಲ್ ಅದಕ್ಕಿಂತ ದೊಡ್ಡದಾಗಲು ಸಾಧ್ಯವಿಲ್ಲ. ಆ ಸೈಜ್ ಕಂಡರೆ ಬ್ಯಾಕಪ್ ಮಧ್ಯದಲ್ಲೇ ತುಂಡಾಗಿದೆ, ಬಾಲ ಇಲ್ಲ ಅಂತ ತಿಳಿಯಿರಿ. ಬಾಲ ಇಲ್ಲದಿದ್ದರೂ ತಲೆಯಿಂದ ಅಲ್ಲಿಯವರೆಗಿನದ್ದು ಸಿಗುತ್ತದೆ.

ಇನ್ನೊಂದು ಎಚ್ಚರ. ಬ್ಯಾಕಪ್ ಎಕ್ಸೆಕ್ ಅನ್ನೋ ಆಫೀಸುಗಳ ಪ್ರೋಗ್ರಾಂ ಕೂಡ ಬಿಕೆಎಫ್ ಅಂತಲೇ ಫೈಲ್ ಮಾಡುತ್ತದೆ. ಅದು ಕಂಪ್ರೆಸ್ ಮಾಡಿರಬಹುದು. ಕಾಲೇಜು, ಸೊಸೈಟಿ, ಕಾರ್ಖಾನೆಯ ಸರ್ವರಿನಿಂದ ಬಂದ ಫೈಲ್ ಆದರೆ ಇದು ನೆನಪಿರಲಿ. ಮನೆಯ ಕಂಪ್ಯೂಟರಿನದ್ದು ಬಹುತೇಕ ಎನ್‌ಟಿಬ್ಯಾಕಪ್ಪೇ. ವಿಂಡೋಸ್ 98ರಲ್ಲಿ ಮಾಡಿದ ಬ್ಯಾಕಪ್ ಬೇರೆ ಜಾತಿ. ಅದರ ಕೊನೆಗೆ ಕ್ಯುಐಸಿ ಅಂತ ಇರುತ್ತದೆ, ಅದನ್ನು ಎಕ್ಸ್‌ಪಿಯ ಎನ್‌ಟಿಬ್ಯಾಕಪ್ ಕೂಡ ಓದುವುದಿಲ್ಲ.

ಈಗ ತೆರೆಯುವ ದಾರಿಗಳು. ನನಗೆ ತುಂಬಾ ನಂಬಿಕೆ ಇರುವುದು ಎಕ್ಸ್‌ಪಿಯನ್ನೇ ಮತ್ತೆ ಎಬ್ಬಿಸುವ ದಾರಿಯಲ್ಲಿ. ಹಳೆಯ ಕಂಪ್ಯೂಟರಿನ ಜೊತೆ ಬಂದಿದ್ದ ಎಕ್ಸ್‌ಪಿ ಸಿಡಿ ಇದ್ದರೆ ವರ್ಚುವಲ್‌ಬಾಕ್ಸ್‌ನಲ್ಲಿ, ಅಂದರೆ ಈಗಿನ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಪ್ರೋಗ್ರಾಂನಲ್ಲಿ, ಹಾಕಿಕೊಳ್ಳಿ. ಅದಕ್ಕೆ ಇಂಟರ್ನೆಟ್ ಮಾತ್ರ ಕೊಡಬೇಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಜೊತೆಗೆ ಆ ಕಾಲದ ಬ್ಯಾಕಪ್ಪುಗಳಲ್ಲಿ ಪೆನ್‌ಡ್ರೈವಿನಿಂದ ಹತ್ತಿದ ವೈರಸ್ ಕೂಡ ಭದ್ರವಾಗಿ ಕೂತಿರುತ್ತದೆ. ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ ಎನ್‌ಟಿಬ್ಯಾಕಪ್ ಮೊದಲೇ ಇರುತ್ತದೆ. ಹೋಮ್ ಆದರೆ ತಾನಾಗಿ ಇನ್‌ಸ್ಟಾಲ್ ಆಗಿರುವುದಿಲ್ಲ. ಸಿಡಿಯಲ್ಲಿ ವ್ಯಾಲ್ಯೂಆ್ಯಡ್ ಅನ್ನೋ ಫೋಲ್ಡರ್, ಅದರೊಳಗೆ ಎಂಎಸ್‌ಎಫ್‌ಟಿ, ಅದರೊಳಗೆ ಎನ್‌ಟಿಬ್ಯಾಕಪ್. ಅಲ್ಲಿರುವ ಇನ್‌ಸ್ಟಾಲರ್ ಓಡಿಸಬೇಕು.

ಪ್ರೋಗ್ರಾಂ ತೆರೆದುಕೊಂಡ ಮೇಲೆ ವಿಝಾರ್ಡ್ ಬೇಡ, ಅಡ್ವಾನ್ಸ್ಡ್ ಮೋಡಿಗೆ ಹೋಗಿ. ಅಲ್ಲಿ ಮೂರು ಕಡೆ ಗಮನ ಕೊಡಿ. ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ, ಮೀಡಿಯಾದಲ್ಲಿರುವ ಕ್ಯಾಟಲಾಗನ್ನು ಬಳಸಿ ಬೇಗ ಪಟ್ಟಿ ಮಾಡು ಅನ್ನೋ ಅರ್ಥದ ಒಂದು ಟಿಕ್ ಇರುತ್ತದೆ. ಅದನ್ನು ತೆಗೆದುಬಿಡಿ. ಕ್ಯಾಟಲಾಗ್ ಅನ್ನೋದು ಬ್ಯಾಕಪ್ಪಿನ ಕೊನೆಯಲ್ಲಿರುವ ಸೂಚಿ. ಕೊನೆ ಹಾಳಾಗಿದ್ದರೆ ಸೂಚಿ ಸಿಗದೆ ಪ್ರೋಗ್ರಾಂ ಈ ಫೈಲೇ ಆಗುವುದಿಲ್ಲ ಅನ್ನುತ್ತದೆ. ಟಿಕ್ ತೆಗೆದರೆ ಮೊದಲಿನಿಂದ ಒಂದೊಂದೇ ತಲೆಬರಹ ಓದುತ್ತಾ ತಾನೇ ಪಟ್ಟಿ ಕಟ್ಟುತ್ತದೆ. ನಿಧಾನ, ಆದರೆ ಆಗುತ್ತದೆ. ಎರಡನೆಯದು, ಫೈಲ್‌ಗಳನ್ನು ಮೊದಲಿದ್ದ ಜಾಗಕ್ಕೇ ಹಾಕಬೇಡಿ, ಬೇರೆ ಜಾಗ ಅಂತ ಆರಿಸಿ ಒಂದು ಖಾಲಿ ಫೋಲ್ಡರ್ ತೋರಿಸಿ. ಇಲ್ಲದಿದ್ದರೆ ಹಳೆಯ ವಿಂಡೋಸ್ ಫೈಲ್‌ಗಳು ಹೊಸದರ ಮೇಲೆ ಬಂದು ಕೂರುತ್ತವೆ. ಮೂರನೆಯದು, ರಿಸ್ಟೋರ್ ಮಾಡುವ ಮುಂಚೆ ಅಡ್ವಾನ್ಸ್ಡ್ ಅಂತ ಒತ್ತಿ, ಸೆಕ್ಯುರಿಟಿ ವಾಪಸ್ ತರುವ ಟಿಕ್ ತೆಗೆಯಿರಿ. ಅದು ಇದ್ದರೆ ಫೈಲ್‌ಗಳು ಹೊರಗೆ ಬಂದ ಮೇಲೂ ಹಳೆಯ ಕಂಪ್ಯೂಟರಿನ ಯೂಸರ್ ಹೆಸರಿಗೇ ಸೇರಿಕೊಂಡು, ನಿಮಗೆ ತೆರೆಯಲು ಅನುಮತಿ ಇಲ್ಲ ಅನ್ನುತ್ತವೆ.

ಎಕ್ಸ್‌ಪಿ ಹಾಕಿಕೊಳ್ಳುವ ಸೌಕರ್ಯ ಇಲ್ಲದವರಿಗೆ ಇನ್ನೊಂದು ಉಪಾಯ ಇದೆ. ಎಕ್ಸ್‌ಪಿಯ ಸಿಸ್ಟಂ32 ಫೋಲ್ಡರಿನಿಂದ ಎನ್‌ಟಿಬ್ಯಾಕಪ್ ಪ್ರೋಗ್ರಾಂ ಮತ್ತು ಎನ್‌ಟಿಎಂಎಸ್‌ಎಪಿಐ, ವಿಎಸ್‌ಎಸ್‌ಎಪಿಐ ಅನ್ನೋ ಎರಡು ಡಿಎಲ್‌ಎಲ್ ಫೈಲ್‌ಗಳನ್ನು ಒಂದೇ ಫೋಲ್ಡರಿಗೆ ಹಾಕಿಕೊಂಡು ಓಡಿಸುವುದು. ತೆಗೆಯಬಹುದಾದ ಸ್ಟೋರೇಜ್ ಸೇವೆ ಇಲ್ಲ ಅಂತ ಮೊದಲು ತಕರಾರು ಮಾಡುತ್ತದೆ. ಓಕೆ ಒತ್ತಿ ಮುಂದೆ ಹೋಗಬಹುದು. ಈ ಫೈಲ್‌ಗಳನ್ನು ಸಿಕ್ಕಸಿಕ್ಕ ವೆಬ್‌ಸೈಟಿನಿಂದ ಇಳಿಸಬೇಡಿ, ನಿಮ್ಮದೇ ಹಳೆಯ ಸಿಡಿಯಿಂದ, ಹಳೆಯ ಕಂಪ್ಯೂಟರಿನಿಂದ ತೆಗೆದುಕೊಳ್ಳಿ.

ಲಿನಕ್ಸ್ ಬಳಸುವವರಿಗೆ ಎಂಟಿಎಫ್‌ಟಾರ್ ಅನ್ನೋ ಪುಟ್ಟ ಪ್ರೋಗ್ರಾಂ ಇದೆ. ಸೋರ್ಸ್ ಕೋಡ್ ಗಿಟ್‌ಹಬ್ ವೆಬ್‌ಸೈಟಿನಲ್ಲಿ ಸಿಗುತ್ತದೆ, ಕಂಪೈಲ್ ಮಾಡಿ ಓಡುವ ಪ್ರೋಗ್ರಾಂ ಮಾಡಿಕೊಳ್ಳಬೇಕು. ಬಿಕೆಎಫ್ ಫೈಲನ್ನು ಓದಿಕೊಂಡು ಟಾರ್ ಆಗಿ, ಅಂದರೆ ಎಲ್ಲ ಫೈಲ್‌ಗಳ ಒಂದೇ ಕಟ್ಟಾಗಿ, ಕೊಡುತ್ತದೆ. ಟಾರ್ ಬಿಚ್ಚಲು ಯಾವ ತೊಂದರೆಯೂ ಇಲ್ಲ. ನನಗೆ ಇದು ಇಷ್ಟ ಆಗಲು ಕಾರಣ ತಾರೀಖುಗಳು. ಫೈಲ್ ಕೊನೆಯ ಸಲ ಬದಲಾದ ದಿನ ಹಾಗೇ ಉಳಿಯುತ್ತದೆ. ಪದ ಸಂಗ್ರಹ ಮಾಡುವವರಿಗೆ ಅದು ಸಣ್ಣ ವಿಷಯ ಅಲ್ಲ. ಯಾವ ಊರಿನ ಪದವನ್ನು ಯಾವಾಗ ಟೈಪ್ ಮಾಡಿದ್ದು ಅಂತ ಮೇಷ್ಟ್ರಿಗೆ ನೆನಪಾಗಿದ್ದು ಆ ತಾರೀಖು ನೋಡಿಯೇ.

ನಾನು ಎಕ್ಸ್‌ಪಿಯಲ್ಲೂ ನೋಡಿದೆ, ಎಂಟಿಎಫ್‌ಟಾರ್‌ನಲ್ಲೂ ನೋಡಿದೆ. ಎರಡೂ ಸೊನ್ನೆಗಳ ಜಾಗಕ್ಕೆ ಬಂದು ನಿಂತವು. ಅಲ್ಲಿಯವರೆಗಿನ ಫೋಲ್ಡರ್‌ಗಳು ಹೆಸರು ಸಮೇತ ಸಿಕ್ಕವು. ‘ಸೋಬಾನೆ’, ‘ನಾಟಿ’, ‘ಮದ್ದೂರು ಕಡೆ’ ಅಂತ ಮೇಷ್ಟ್ರು ಅಚ್ಚುಕಟ್ಟಾಗಿ ವಿಂಗಡಿಸಿದ್ದರು. ಆದರೆ ‘ರಾಗಿ’ ಅನ್ನೋ ಫೋಲ್ಡರಿನ ಮಧ್ಯದಲ್ಲಿ ಪಟ್ಟಿ ನಿಂತುಹೋಗಿತ್ತು. ಬೀಸೋ ಕಲ್ಲಿನ ಪದಗಳೇ ಅರ್ಧ. ಆ ಪದ ಹೇಳಿಕೊಟ್ಟ ಅಜ್ಜಿಯರಲ್ಲಿ ಈಗ ಬದುಕಿರುವವರು ಕಮ್ಮಿ. ಈಗ ಮಿಲ್ಲು ಬಂದು ಬೀಸೋ ಕಲ್ಲು ಮೂಲೆ ಸೇರಿದೆ, ಅದರ ಜೊತೆಗೆ ಹಾಡುವ ಸಂದರ್ಭವೂ ಹೋಗಿದೆ. ಹಾಗಾಗಿ ಅಷ್ಟಕ್ಕೇ ಬಿಡಲು ನನಗೆ ಮನಸ್ಸು ಬರಲಿಲ್ಲ.

ಸೊನ್ನೆಗಳ ಆಚೆಗಿನ ಭಾಗಕ್ಕೆ ಫೋಟೋರೆಕ್ ಹಾಕಿದೆ. ಇದೂ ಉಚಿತ. ಕ್ಯಾಮೆರಾ ಕಾರ್ಡಿನಿಂದ ಅಳಿಸಿಹೋದ ಫೋಟೋ ತೆಗೆಯಲು ಸ್ಟುಡಿಯೋದವರು ಬಳಸುತ್ತಾರೆ, ಆದರೆ ವರ್ಡ್ ಫೈಲ್, ಫಾಂಟ್, ಇನ್ನೂ ನೂರಾರು ಬಗೆಯ ಫೈಲ್‌ಗಳ ಗುರುತು ಅದಕ್ಕೆ ಗೊತ್ತು. ಅದು ಫೋಲ್ಡರ್, ಸೂಚಿ ಯಾವುದನ್ನೂ ನೋಡುವುದಿಲ್ಲ. ವರ್ಡ್ ಫೈಲ್ ಶುರುವಾಗುವ ಬೈಟುಗಳು ಎಲ್ಲಿ ಕಂಡವೋ ಅಲ್ಲಿಂದ ಕತ್ತರಿಸಿ ತೆಗೆಯುತ್ತದೆ. ಹಾರ್ಡ್ ಡಿಸ್ಕಿನಲ್ಲಿ ತುಂಡಾಗಿ ಚದುರಿದ ಫೈಲ್ ಆದರೆ ಹೀಗೆ ತೆಗೆದದ್ದು ಅರ್ಧಂಬರ್ಧ ಆಗಿಬಿಡುತ್ತದೆ. ಬಿಕೆಎಫ್ ಒಳಗೆ ಎಲ್ಲ ಸಾಲಾಗಿ, ಕಂಪ್ರೆಸ್ ಆಗದೆ ಇರುವುದರಿಂದ ಪೂರ್ತಿ ಪೂರ್ತಿ ಬಂದವು. ಫೈಲಿನ ಹೆಸರುಗಳು ಮಾತ್ರ ಹೋದವು. ಆದರೂ ವರ್ಡ್ ಫೈಲ್ ತನ್ನೊಳಗೇ ಶೀರ್ಷಿಕೆ, ಮಾಡಿದ ದಿನ ಇಟ್ಟುಕೊಂಡಿರುತ್ತದೆ. ಪ್ರಾಪರ್ಟೀಸ್‌ನಲ್ಲಿ ಅದನ್ನು ನೋಡಿ ಮತ್ತೆ ಹೆಸರು ಕೊಟ್ಟೆ. ಬೀಸೋ ಪದಗಳಲ್ಲಿ ಸೊನ್ನೆಗಳ ಜಾಗದಲ್ಲೇ ಇದ್ದ ಒಂದೆರಡು ಬಿಟ್ಟು ಮಿಕ್ಕವೆಲ್ಲ ಸಿಕ್ಕವು.

ಬಿಕೆಎಫ್ ರಿಪೇರಿ ಅಂತ ಹುಡುಕಿದರೆ ದುಡ್ಡು ಕೊಟ್ಟು ಕೊಳ್ಳುವ ಪ್ರೋಗ್ರಾಂಗಳ ಜಾಹೀರಾತೇ ಜಾಸ್ತಿ ಸಿಗುತ್ತದೆ. ಫೈಲ್‌ಗಳ ಪಟ್ಟಿ ತೋರಿಸಿ, ಹೊರಗೆ ತೆಗೆಯಲು ದುಡ್ಡು ಕಟ್ಟಿ ಅನ್ನುತ್ತವೆ. ಅವು ಕೆಲಸ ಮಾಡುವುದಿಲ್ಲ ಅಂತ ನಾನು ಹೇಳುವುದಿಲ್ಲ. ಮೇಲೆ ಹೇಳಿದ ಉಚಿತ ದಾರಿಗಳನ್ನೆಲ್ಲ ನೋಡಿದ ಮೇಲೆ ಅದರ ಯೋಚನೆ ಮಾಡಿ. ಮನೆಯ ಹಳೆಯ ಫೋಟೋ, ಪತ್ರಗಳಿಗೆ ಬಹಳಷ್ಟು ಸಲ ಅದರ ಅಗತ್ಯ ಬೀಳುವುದಿಲ್ಲ. ಒಂದೇ ಒಂದು ಸಂದರ್ಭದಲ್ಲಿ ಯಾರಿಂದಲೂ ಆಗುವುದು ಕಷ್ಟ. ಎಕ್ಸ್‌ಪಿಯಲ್ಲಿ ಫೋಲ್ಡರಿಗೆ ಎನ್‌ಕ್ರಿಪ್ಟ್ ಅಂತ ಕೊಟ್ಟಿದ್ದು, ಅದರ ಸರ್ಟಿಫಿಕೇಟ್ ಕೀಲಿ ಕಳೆದುಹೋಗಿದ್ದರೆ ಬ್ಯಾಕಪ್ಪಿನಿಂದ ಹೊರಗೆ ಬಂದರೂ ಫೈಲ್ ಮುಚ್ಚಿಕೊಂಡೇ ಇರುತ್ತದೆ.

ಬಿಕೆಎಫ್ ತೆರೆದದ್ದಕ್ಕೆ ಕೆಲಸ ಮುಗಿಯಲಿಲ್ಲ. ಬೇರೆ ಭಾಷೆಯವರ ಲೇಖನಗಳನ್ನು ಓದಿದರೆ ಫೈಲ್ ಸಿಕ್ಕಿತು, ತೆರೆಯಿತು, ಮುಗಿಯಿತು ಅಂತ ಇರುತ್ತದೆ. ಕನ್ನಡದವರಿಗೆ ಅಲ್ಲಿ ಎರಡನೆಯ ಬೀಗ ಇದೆ. ಫೈಲ್ ತೆರೆದೆ. ಪುಟದ ತುಂಬ ತಲೆ ಮೇಲೆ ಗೆರೆ, ಚುಕ್ಕಿ, ಟೋಪಿ ಇರುವ ಯುರೋಪಿನ ಅಕ್ಷರಗಳು. ಒಂದು ಕನ್ನಡ ಅಕ್ಷರವೂ ಇಲ್ಲ.

ಆ ಕಾಲದ ನುಡಿ, ಬರಹ, ಶ್ರೀಲಿಪಿ ಎಲ್ಲ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು. ಫೈಲಿನಲ್ಲಿ ಇರುವುದು ಯಾವುದೋ ಸಂಖ್ಯೆ. ಆ ಸಂಖ್ಯೆಯ ಜಾಗದಲ್ಲಿ ಫಾಂಟ್ ಒಂದು ಕನ್ನಡದ ಚೂರನ್ನು ಬಿಡಿಸುತ್ತದೆ. ಸರಿಯಾದ ಫಾಂಟ್ ಇಲ್ಲದಿದ್ದರೆ ಆ ಸಂಖ್ಯೆಗೆ ಕಂಪ್ಯೂಟರ್ ತನಗೆ ಗೊತ್ತಿರುವ ಅಕ್ಷರ ತೋರಿಸುತ್ತದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇತ್ತು. ಎಕ್ಸ್‌ಪಿ ಬಂದಾಗ ತುಂಗಾ ಅನ್ನೋ ಯುನಿಕೋಡ್ ಫಾಂಟೂ ಬಂತು. ಆದರೆ ಅದನ್ನು ಬಳಸಬೇಕಾದರೆ ರೀಜನಲ್ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಟಿಕ್ ಹಾಕಿ, ಸಿಡಿ ಹಾಕಿ, ಫೈಲ್‌ಗಳನ್ನು ಸೇರಿಸಿಕೊಳ್ಳಬೇಕಿತ್ತು. ಅದನ್ನು ಯಾರು ಹೇಳಿಕೊಡಬೇಕು? ಸರ್ಕಾರಿ ಕಚೇರಿ, ಪ್ರೆಸ್, ಶಾಲೆ ಎಲ್ಲ ಕಡೆ ನುಡಿ ನಡೆಯುತ್ತಿತ್ತು, ಮೇಷ್ಟ್ರೂ ಅದನ್ನೇ ಕಲಿತರು.

ಇಲ್ಲಿ ಆ ಪಕ್ಕದ ಮನೆಯ ಹುಡುಗನಿಗೆ ನಾನು ಕೈಮುಗಿಯುತ್ತೇನೆ. ಎನ್‌ಟಿಬ್ಯಾಕಪ್ ವಿಝಾರ್ಡ್ ನಾಲ್ಕು ಆಯ್ಕೆ ಕೊಡುತ್ತದೆ. ನನ್ನ ದಾಖಲೆಗಳು, ಎಲ್ಲರ ದಾಖಲೆಗಳು, ಈ ಕಂಪ್ಯೂಟರಿನಲ್ಲಿರುವ ಎಲ್ಲ ಮಾಹಿತಿ, ನಾನೇ ಆರಿಸುತ್ತೇನೆ. ಆತ ಮೂರನೆಯದನ್ನು ಒತ್ತಿದ್ದ. ಹಾಗಾಗಿ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್‌ಗಳೂ ಬ್ಯಾಕಪ್ಪಿಗೆ ಬಂದಿದ್ದವು. ಅವು ಸೊನ್ನೆಗಳ ಆಚೆ ಇದ್ದವು, ಫೋಟೋರೆಕ್ ಅವನ್ನೂ ಹೆಕ್ಕಿ ಕೊಟ್ಟಿತು. ಮೇಷ್ಟ್ರು ಬಳಸುತ್ತಿದ್ದ ಅದೇ ಆವೃತ್ತಿಯ ನುಡಿ ಫಾಂಟ್ ಹಾಕಿದ ತಕ್ಷಣ, ವರ್ಡ್ ಫೈಲ್ ತೆರೆಯುವ ಉಚಿತ ಪ್ರೋಗ್ರಾಂ ಲಿಬ್ರೆಆಫೀಸ್‌ನಲ್ಲಿ ಪುಟ ಪುಟವೂ ಕನ್ನಡವಾಯಿತು. ಮಂಡ್ಯಕ್ಕೆ ಫೋನ್ ಮಾಡಿ ಮೊದಲ ಪದದ ನಾಲ್ಕು ಸಾಲು ಓದಿದೆ. ಐದನೆಯ ಸಾಲು ಆ ಕಡೆಯಿಂದ ಮೇಷ್ಟ್ರೇ ಹೇಳಿದರು.

ಫಾಂಟ್ ಹಾಕಿ ಓದುವುದು ತಾತ್ಕಾಲಿಕ. ಹುಡುಕಲು, ಫೋನಿನಲ್ಲಿ ಓದಲು, ಮುಂದೆ ಇನ್ಯಾರಿಗೋ ಕೊಡಲು ಯುನಿಕೋಡ್ ಮಾಡಲೇಬೇಕು. ನುಡಿಯ ಜೊತೆಗೇ ಪರಿವರ್ತಕ ಬರುತ್ತದೆ. ಅದಕ್ಕೆ ಸುಮ್ನೆ ಇಡೀ ಫೈಲ್ ಕೊಟ್ಟು ಕೂರಬಾರದು. ಮೇಷ್ಟ್ರು ಪ್ರತಿ ಪದದ ಕೆಳಗೆ ಹಾಡಿದವರ ಊರು, ತಾರೀಖನ್ನು ಇಂಗ್ಲಿಷಿನಲ್ಲಿ ಹಾಕಿದ್ದರು. ಪರಿವರ್ತಕಕ್ಕೆ ಫಾಂಟ್ ಗೊತ್ತಾಗದಿದ್ದರೆ ಆ ಇಂಗ್ಲಿಷನ್ನೂ ನುಡಿಯ ಸಂಕೇತ ಅಂದುಕೊಂಡು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಊರಿನ ಹೆಸರು ಹೋದರೆ ಪದದ ಬೆಲೆ ಅರ್ಧ ಹೋದ ಹಾಗೆ. ಲಿಬ್ರೆಆಫೀಸ್‌ನ ಹುಡುಕು-ಬದಲಿಸು ಕಿಟಕಿಯಲ್ಲಿ ಫಾಂಟ್ ಹೆಸರಿನಿಂದಲೂ ಹುಡುಕಬಹುದು. ಮೊದಲು ಇಂಗ್ಲಿಷ್ ಫಾಂಟಿನಲ್ಲಿರುವ ಭಾಗಗಳನ್ನು ಗುರುತು ಮಾಡಿ ಬೇರೆ ಇಟ್ಟುಕೊಂಡು, ನುಡಿ ಫಾಂಟಿನದ್ದನ್ನು ಮಾತ್ರ ಪರಿವರ್ತನೆಗೆ ಕೊಟ್ಟೆ.

ಅರ್ಕಾವತ್ತಿನ ವಿಷಯ ಸ್ವಲ್ಪ ಹೇಳಲೇಬೇಕು. ‘ಧರ್ಮ’ ಅಂತ ನುಡಿಯಲ್ಲಿ ಬರೆದಾಗ ಕಣ್ಣಿಗೆ ಕಾಣುವ ಕ್ರಮದಲ್ಲೇ ಸೇವ್ ಆಗುತ್ತದೆ. ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು. ಯುನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ. ಧ, ರ್, ಮ. ಪರಿವರ್ತಕ ಅರ್ಕಾವತ್ತನ್ನು ಹಿಂದಕ್ಕೆ ಎಳೆದು ಸರಿಯಾದ ಅಕ್ಷರದ ಮುಂದೆ ಕೂರಿಸಬೇಕು. ಒತ್ತಕ್ಷರ ಸೇರಿಕೊಂಡ ಕಡೆ ಅದು ಆಗಾಗ ತಪ್ಪುತ್ತದೆ. ಇನ್ನು ಮೇಷ್ಟ್ರು ಕೆಲವು ಕಡೆ ‘ಸೂರ್ಯ’ ಅಂತ ಅರ್ಕಾವತ್ತು ಹಾಕಿ, ಕೆಲವು ಕಡೆ ‘ಸೂರ‍್ಯ’ ಅಂತ ರ ಕೆಳಗೆ ಯ ಒತ್ತು ಕೊಟ್ಟು ಬರೆದಿದ್ದರು. ಓದುವವರಿಗೆ ಎರಡೂ ಒಂದೇ. ಯುನಿಕೋಡ್‌ನಲ್ಲಿ ಎರಡನೆಯದರ ಮಧ್ಯೆ ಕಣ್ಣಿಗೆ ಕಾಣದ ಒಂದು ಜೋಡಕ ಇರುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಹಾಗಾಗಿ ಹುಡುಕಾಟಕ್ಕೆ ಒಂದೇ ರೂಪ ಮಾಡಿದ ಪ್ರತಿ ಬೇರೆ, ಮೇಷ್ಟ್ರು ಬರೆದ ಹಾಗೇ ಇರುವ ಪ್ರತಿ ಬೇರೆ ಇಟ್ಟಿದ್ದೇನೆ.

ಆಟೋ ಕರೆಕ್ಟ್, ಸ್ಪೆಲ್ ಚೆಕ್ ಎಲ್ಲ ಆಫ್ ಮಾಡಿದೆ. ‘ಬತ್ತವ್ನೆ’, ‘ಕಂಡವ್ಳೆ’ ಅಂತ ಇರುವುದನ್ನು ತಿದ್ದಲು ಯಾವ ಪ್ರೋಗ್ರಾಂಗೂ ಅಧಿಕಾರ ಇಲ್ಲ. ಪ್ರೂಫ್ ನೋಡುವ ಕೆಲಸ ಮೇಷ್ಟ್ರದ್ದು. ಪ್ರಿಂಟ್ ತೆಗೆದು ಬಸ್ಸಿನಲ್ಲಿ ಮಂಡ್ಯಕ್ಕೆ ಕಳಿಸುತ್ತೇನೆ, ಕೆಂಪು ಪೆನ್ನಿನಲ್ಲಿ ತಿದ್ದಿ ಬರುತ್ತದೆ. ‘ಇದು ನಾನು ಬರೆದಿದ್ದಲ್ಲ ಕಣವ್ವ, ನಿನ್ನ ಮಿಷಿನ್ ಬರೆದದ್ದು’ ಅಂತ ಅಂಚಿನಲ್ಲಿ ಗುರುತು ಹಾಕಿರುತ್ತಾರೆ. ನೋಡಿದರೆ ಅಲ್ಲಿ ಅರ್ಕಾವತ್ತು ಜಾಗ ತಪ್ಪಿರುತ್ತದೆ.

ಈ ಕೆಲಸಕ್ಕೆ ಇಷ್ಟು ಹೊತ್ತು ಕೊಡ್ತೀಯಲ್ಲ, ದುಡ್ಡು ಹುಟ್ಟುತ್ತಾ ಅಂತ ಪಕ್ಕದ ಅಂಗಡಿಯವರು ಕೇಳುತ್ತಾರೆ. ನಾನು ನಮ್ಮ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಉದಾಹರಣೆ ಕೊಡುತ್ತೇನೆ. ಅರ್ಥಶಾಸ್ತ್ರದ ತಾಳೆಗರಿ ಅಲ್ಲಿಗೆ ಬಂದಾಗ ಅದು ಗ್ರಂಥ ಲಿಪಿಯಲ್ಲಿತ್ತು. 1905ರಲ್ಲಿ ಆರ್. ಶಾಮಾಶಾಸ್ತ್ರಿಗಳು ಕೂತು ಓದಿ ಅದು ಏನು ಅಂತ ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಆ ಲಿಪಿ ಓದುವವರು ಆ ಊರಿನಲ್ಲಿ ಒಬ್ಬರಿದ್ದರು, ಅದಕ್ಕೇ ಪುಸ್ತಕ ಸಿಕ್ಕಿತು. ಬಿಕೆಎಫ್ ಓದುವವರು, ಹಳೆಯ ನುಡಿ ಓದುವವರು ನಮ್ಮ ಊರುಗಳಲ್ಲಿ ಒಬ್ಬೊಬ್ಬರಾದರೂ ಇರಲೇಬೇಕು ಅನ್ನೋದು ನನ್ನ ಹಟ. ಇದು ನನ್ನ ಅಂಗಡಿಯ ಗುಟ್ಟಲ್ಲ, ಯಾರು ಬೇಕಾದರೂ ಕಲಿಯಲಿ ಅಂತಲೇ ಇಷ್ಟು ಬಿಡಿಸಿ ಬರೆದೆ.

ಈಗ ಪದಗಳೆಲ್ಲ ಯುನಿಕೋಡ್‌ನಲ್ಲಿ, ಬರೀ ಟೆಕ್ಸ್ಟ್ ಫೈಲ್ ಆಗಿ ಇವೆ. ಒಂದು ಪ್ರತಿ ನನ್ನ ಹತ್ತಿರ, ಒಂದು ಮೇಷ್ಟ್ರ ಮಗಳ ಹತ್ತಿರ. ಡಿಡಿರೆಸ್ಕ್ಯೂ ಮಾಡಿದ ಮೂಲ ಬಿಕೆಎಫ್ ಫೈಲನ್ನೂ, ಆ ಫಾಂಟ್‌ಗಳನ್ನೂ ಜೊತೆಯಲ್ಲೇ ಇಟ್ಟಿದ್ದೇವೆ. ಮುಂದೆ ಒಳ್ಳೆಯ ಪರಿವರ್ತಕ ಬಂದರೆ ಮತ್ತೆ ಮೊದಲಿನಿಂದ ಮಾಡಬಹುದು.

ಒಂದು ಕೆಲಸ ಬಾಕಿ ಇದೆ, ಅದಕ್ಕೆ ನಿಮ್ಮ ಸಹಾಯ ಬೇಕು. ಬ್ಯಾಕಪ್ಪಿನಲ್ಲಿ, ಪುಸ್ತಕದ ಪುಟ ಕಟ್ಟುವ ಹಳೆಯ ಪ್ರೋಗ್ರಾಂ ಪೇಜ್‌ಮೇಕರ್ 6.5ರ ಕೆಲವು ಫೈಲ್‌ಗಳೂ ಸಿಕ್ಕಿವೆ. ಮೇಷ್ಟ್ರು ಪುಸ್ತಕ ಮಾಡಬೇಕು ಅಂತ ಒಂದು ಪ್ರೆಸ್ಸಿನಲ್ಲಿ ಪುಟ ಕಟ್ಟಿಸಿದ್ದರಂತೆ, ಪ್ರತಿ ಪದಕ್ಕೂ ಅವರ ಟಿಪ್ಪಣಿ ಅದರಲ್ಲಿ ಮಾತ್ರ ಇದೆ. ಲಿಬ್ರೆಆಫೀಸ್ ಈ ಫೈಲ್‌ಗಳನ್ನು ತೆರೆಯುತ್ತದೆ, ಆದರೆ ಟಿಪ್ಪಣಿ ಯಾವ ಪದಕ್ಕೆ ಸೇರಿದ್ದು ಅಂತ ಗೊತ್ತಾಗದ ಹಾಗೆ ಚೌಕಗಳು ಕಲಸಿಹೋಗಿವೆ. ಪುಟ ಕಟ್ಟುವ ಇನ್ನೊಂದು ಪ್ರೋಗ್ರಾಂ ಇನ್‌ಡಿಸೈನ್‌ನ ಸಿಎಸ್6ವರೆಗಿನ ಆವೃತ್ತಿಗಳು ಪೇಜ್‌ಮೇಕರ್ ಫೈಲನ್ನು ನೇರ ತೆರೆಯುತ್ತಿದ್ದವು, ಆಮೇಲಿನವು ತೆರೆಯುವುದಿಲ್ಲ. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆ ಯಾವುದಾದರೂ ಪ್ರೆಸ್ಸಿನಲ್ಲಿ ಸಿಎಸ್6 ಅಥವಾ ಪೇಜ್‌ಮೇಕರ್ ಇನ್ನೂ ಓಡುತ್ತಿರುವ ಕಂಪ್ಯೂಟರ್ ಇದ್ದರೆ ತಿಳಿಸಿ. ಪೆನ್‌ಡ್ರೈವ್ ಹಿಡಿದು ನಾನೇ ಬರುತ್ತೇನೆ. ಭಾನುವಾರ ಆದರೂ ಸರಿ.